ಡ್ರ್ಯಾಗ್ ಕಾರು ಮಿಸ್ಸಿಂಗ್ ಹೊಡೀತಿದ್ರೆ ಮೊದ್ಲು ಕರೆಂಟ್ ನೋಡಿ, ಆಮೇಲೆ ಕಾರ್ಬೊರೇಟರ್ ಬಿಚ್ಚಿ

ಡ್ರ್ಯಾಗ್ ರೇಸ್ ಅಂದ್ರೆ ನಿಂತ ಜಾಗದಿಂದ ಎದ್ದು ಕ್ವಾರ್ಟರ್ ಮೈಲಿ ನೇರವಾಗಿ ಓಡೋ ಓಟ. ಅದ್ರಲ್ಲಿ ಚೆನ್ನಾಗಿ ಹೊರಟ ಗಾಡಿ ಅರ್ಧ ಟ್ರ್ಯಾಕ್ ದಾಟಿದ್ಮೇಲೆ ಪಟ್ ಪಟ್ ಅಂತ ಮಿಸ್ಸಿಂಗ್ ಹೊಡೆದ್ರೆ, ಪಿಟ್‌ಗೆ ವಾಪಸ್ ಬಂದ ತಕ್ಷಣ ಎಲ್ಲರ ಕೈ ಹೋಗೋದು ಕಾರ್ಬೊರೇಟರ್ ಕಡೆಗೇನೆ. ನಾನೂ ಅದನ್ನೇ ಮಾಡಿದ್ದೆ. ಒಹಾಯೋದಲ್ಲಿ ನಾನೂ ನನ್ನ ಫ್ರೆಂಡೂ ಸೇರಿ ಓಡಿಸೋದು ಒಂದು 1972ರ ಶೆವಿ ನೋವಾ, ಅದ್ರಲ್ಲಿ 350 ಸ್ಮಾಲ್ ಬ್ಲಾಕ್ ವಿ8 ಇಂಜಿನ್, ಮೇಲೆ ಹೋಲಿ 750 ಡಬಲ್ ಪಂಪರ್ ಕಾರ್ಬೊರೇಟರ್, ಇಗ್ನಿಷನ್‌ಗೆ ಎಂಎಸ್‌ಡಿ 6ಎಎಲ್ ಅನ್ನೋ, ಸ್ಪಾರ್ಕ್ ಜೋರು ಮಾಡೋ ಎಲೆಕ್ಟ್ರಾನಿಕ್ ಬಾಕ್ಸು, ಮ್ಯಾಗ್ನೆಟಿಕ್ ಪಿಕಪ್ (ಯಾವಾಗ ಸ್ಪಾರ್ಕ್ ಬೇಕು ಅಂತ ಬಾಕ್ಸಿಗೆ ಹೇಳೋ ಸೆನ್ಸರ್) ಇರೋ ಡಿಸ್ಟ್ರಿಬ್ಯೂಟರ್ರು (ಪ್ಲಗ್ಗುಗಳಿಗೆ ಸರದಿ ಪ್ರಕಾರ ಕರೆಂಟ್ ಹಂಚೋದು). ಎರಡು ವಾರಾಂತ್ಯ ಪೂರ್ತಿ ಜೆಟ್ (ಪೆಟ್ರೋಲ್ ಅಳೆದು ಬಿಡೋ ತೂತಿನ ಸ್ಕ್ರೂ, ನಂಬರ್ ಏರಿದಷ್ಟೂ ತೂತು ದೊಡ್ಡದು) ಬದಲಾಯಿಸ್ತಾ ಕೂತಿದ್ವಿ, 72ರಿಂದ 78ರವರೆಗೂ ಹೋದ್ವಿ, ಗಾಡಿ ಇನ್ನೂ ನಿಧಾನ ಆಯ್ತು. ಕೊನೆಗೆ ಸಿಕ್ಕಿದ್ದು ಒಂದು ಅರ್ತ್ ವೈರು, ಪೇಂಟ್ ಇದ್ದ ತಗಡಿನ ಮೇಲೆ ನಾವೇ ಬೋಲ್ಟ್ ಹಾಕಿ ಬಿಗಿದಿದ್ದು.

ಹಾಸನದಲ್ಲಿ ನಮ್ಮ ಸೋದರಮಾವಂದು ಗ್ಯಾರೇಜ್ ಇತ್ತು, ಅಂಬಾಸಿಡರ್ರು ಮೆಟಡಾರು ಬರ್ತಿದ್ವು, ಅವರು ಹುಡುಗರಿಗೆ ದಿನಾ ಹೇಳ್ತಿದ್ದಿದ್ದು ಒಂದೇ ಮಾತು, "ಮೊದ್ಲು ಕರೆಂಟ್ ನೋಡ್ರೋ, ಆಮೇಲೆ ಪೆಟ್ರೋಲು". ಅದಕ್ಕೆ ಕಾರಣ ಇದೆ. ಕರೆಂಟ್ ವೀಕ್ ಇದ್ರೆ ಮಿಕ್ಸ್ಚರ್ ಪೂರ್ತಿ ಉರಿಯಲ್ಲ, ಪ್ಲಗ್ ಕಪ್ಪಾಗುತ್ತೆ, ನೋಡಿದವರು ಪೆಟ್ರೋಲ್ ಜಾಸ್ತಿ ಆಗಿದೆ ಅಂತ ಜೆಟ್ ಇಳಿಸ್ತಾರೆ, ಆಗ ಗಾಡಿ ಲೀನ್ ಆಗಿ (ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ) ಪಿಸ್ಟನ್ನಿಗೇ ಕುತ್ತು ಬರುತ್ತೆ. ಇಗ್ನಿಷನ್ ಸರಿ ಇದೆ ಅಂತ ಮೀಟರ್ ಹಿಡಿದು ಗ್ಯಾರಂಟಿ ಮಾಡ್ಕೊಳ್ಳೋವರೆಗೂ ಕಾರ್ಬೊರೇಟರ್ ಮುಟ್ಟಬೇಡಿ, ಈ ಬರಹ ಪೂರ್ತಿ ಅದೇ ಕ್ರಮದಲ್ಲಿದೆ.

ಸ್ಲಿಪ್ ಓದೋದು

ಸ್ಪ್ಯಾನರ್ ಎತ್ತೋಕ್ ಮುಂಚೆ ಓಟ ಮುಗಿದ್ಮೇಲೆ ಟ್ರ್ಯಾಕಿನವರು ಕೊಡೋ ಟೈಮ್ ಸ್ಲಿಪ್ ತಗೊಂಡು ಕೂತ್ಕೊಳ್ಳಿ. ಕ್ವಾರ್ಟರ್ ಮೈಲಿ ಅಂದ್ರೆ 1320 ಅಡಿ, ಸ್ಲಿಪ್‌ನಲ್ಲಿ 60, 330, 660, 1000, 1320 ಅಡಿಗಳ ಟೈಮ್ ಇರುತ್ತೆ, 660 ಮತ್ತೆ 1320ರಲ್ಲಿ ಸ್ಪೀಡೂ ಇರುತ್ತೆ. ನಮ್ಮ ಗಾಡಿ ಸರಿ ಇದ್ದಾಗ 60 ಅಡಿ 1.59 ಸೆಕೆಂಡು, 660 ಅಡಿ 7.26, ಪೂರ್ತಿ 11.40, ಕೊನೇಲಿ 118 ಮೈಲಿ ಸ್ಪೀಡ್. ಕೆಟ್ಟಾಗ 60 ಅಡಿ ಅದೇ 1.59, 660 ಅಡೀನೂ ಹತ್ತಿರ ಹತ್ತಿರ ಅದೇ, ಆದ್ರೆ ಪೂರ್ತಿ 11.72 ಆಗಿ ಸ್ಪೀಡ್ 109ಕ್ಕೆ ಬಿದ್ದಿತ್ತು. ಅಂದ್ರೆ ಗಾಡಿ ಎದ್ದಿದ್ದು ಸರಿಯಾಗೇ ಇದೆ, ಪಂಪ್ ಶಾಟ್ (ಥ್ರಾಟಲ್ ಒತ್ತಿದ ತಕ್ಷಣ ಕಾರ್ಬೊರೇಟರಿನ ಆಕ್ಸಿಲರೇಟರ್ ಪಂಪ್ ಚಿಮ್ಮಿಸೋ ಪೆಟ್ರೋಲು) ಸರಿ ಇದೆ, ತೊಂದ್ರೆ ಮೇಲಿನ ಆರ್‌ಪಿಎಂನಲ್ಲಿದೆ. ಇದಕ್ಕೆ ಉಲ್ಟಾ ಕೇಸು, 60 ಅಡಿ ಕೆಟ್ಟು ಕೊನೆಯ ಸ್ಪೀಡ್ ಸರಿ ಇದ್ರೆ, ಅದು ಲಾಂಚ್ ತೊಂದ್ರೆ, ಆಕ್ಸಿಲರೇಟರ್ ಪಂಪು, ಫ್ಲೋಟು, ಇಲ್ಲಾಂದ್ರೆ ಟೈರು.

ಇನ್ನೊಂದು ಪ್ರಶ್ನೆ ಓಡಿಸಿದವರನ್ನೇ ಕೇಳಬೇಕು. ಮಿಸ್ಸಿಂಗ್ ಎಲ್ಲಾ ಗೇರಲ್ಲೂ ಒಂದೇ ಆರ್‌ಪಿಎಂಗೆ ಬರುತ್ತಾ, ಇಲ್ಲಾ ಟ್ರ್ಯಾಕಲ್ಲಿ ಒಂದೇ ಜಾಗದಲ್ಲಿ ಬರುತ್ತಾ? ಒಂದೇ ಆರ್‌ಪಿಎಂ ಆದ್ರೆ ಇಗ್ನಿಷನ್ನು, ರೆವ್ ಲಿಮಿಟರ್ರು (ಸೆಟ್ ಮಾಡಿದ ಆರ್‌ಪಿಎಂ ದಾಟದ ಹಾಗೆ ಸ್ಪಾರ್ಕ್ ಕಟ್ ಮಾಡೋದು) ಅಥವಾ ವಾಲ್ವ್ ಸ್ಪ್ರಿಂಗು. ಆರ್‌ಪಿಎಂ ಎಷ್ಟೇ ಇರ್ಲಿ ಒಂದು ದೂರ ಹೋದ್ಮೇಲೆ ಗಾಡಿ ಸೊರಗುತ್ತೆ ಅಂದ್ರೆ ಫ್ಲೋಟ್ ಬೌಲ್ (ಕಾರ್ಬೊರೇಟರಿನ ಪೆಟ್ರೋಲ್ ಬಟ್ಟಲು) ಖಾಲಿ ಆಗ್ತಿದೆ, ಫ್ಯೂಯಲ್ ಪಂಪಿಗೆ ತುಂಬಿಸೋಕೆ ಆಗ್ತಿಲ್ಲ. ಸೌಂಡಲ್ಲೂ ವ್ಯತ್ಯಾಸ ಗೊತ್ತಾಗುತ್ತೆ, ಕರೆಂಟ್ ಕಟ್ ಆದ್ರೆ ಚಾಟಿ ಬೀಸಿದ ಹಾಗೆ ಚುರುಕಾಗಿ ಕಟ್ ಕಟ್ ಅನ್ನುತ್ತೆ, ಟ್ಯಾಕೋ (ಆರ್‌ಪಿಎಂ ಮೀಟರ್) ಮುಳ್ಳು ಕುಣಿಯುತ್ತೆ, ಪೆಟ್ರೋಲ್ ಕಮ್ಮಿ ಆದ್ರೆ ಯಾರೋ ಹಿಂದಿನಿಂದ ಹಗ್ಗ ಹಿಡಿದು ಎಳೆದ ಹಾಗೆ ಮೆತ್ತಗೆ ಕುಗ್ಗುತ್ತೆ.

ಲಿಮಿಟರ್ ಅಂದೆ ಅಲ್ವಾ, ಅದನ್ನ ಮೊದ್ಲೇ ನೋಡ್ಬಿಡಿ. ಹಳೇ 6ಎಎಲ್ ಬಾಕ್ಸಿಗೆ ಚುಚ್ಚೋ ಚಿಪ್ ಬರುತ್ತೆ, ಹೊಸದ್ರಲ್ಲಿ ತಿರುಗಿಸೋ ಡಯಲ್ ಇದೆ. 6000ಕ್ಕೆ ಸೆಟ್ ಆಗಿರೋ ಬಾಕ್ಸ್ ಇಟ್ಕೊಂಡು 6000ಕ್ಕೆ ಮಿಸ್ಸಿಂಗ್ ಅಂತ ಮೂರು ದಿನ ಹುಡುಕಿದವರು ಇದ್ದಾರೆ.

ಇಂಜಿನ್ನೇ ಸರಿ ಇದ್ಯಾ

ಈ ಭಾಗ ಬೇಗ ಮುಗಿಯುತ್ತೆ, ಆದ್ರೆ ಬಿಡಬೇಡಿ. ಇಂಜಿನ್ ಬಿಸಿ ಇರುವಾಗ ಇಗ್ನಿಷನ್ ಡಿಸ್ಕನೆಕ್ಟ್ ಮಾಡಿ, ಎಲ್ಲಾ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ನೋಡಿ, ಎಂಟರಲ್ಲಿ ಯಾವುದಾದ್ರೂ ಒಂದು ಉಳಿದವಕ್ಕಿಂತ 10-15 ಪರ್ಸೆಂಟ್‌ಗಿಂತ ಜಾಸ್ತಿ ಕಮ್ಮಿ ಇದ್ರೆ ಇಲ್ಲೇ ನಿಲ್ಲಿಸಿ, ಮೊದ್ಲು ಅದರ ರಿಪೇರಿ. ವಾಲ್ವ್ ಕವರ್ ಬಿಚ್ಚಿ ಸ್ಪ್ರಿಂಗ್ ಒಂದೊಂದಾಗಿ ನೋಡಿ, ಮುರಿದ ಅಥವಾ ಸೋತ ಸ್ಪ್ರಿಂಗ್ ಮೇಲಿನ ಆರ್‌ಪಿಎಂನಲ್ಲಿ ಥೇಟ್ ಇಗ್ನಿಷನ್ ಮಿಸ್ಸಿಂಗ್ ಥರಾನೇ ಕೇಳುತ್ತೆ.

ಒಂದೇ ಸಿಲಿಂಡರ್ ಸತ್ತಿದೆ ಅಂತ ಅನುಮಾನ ಇದ್ರೆ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷದೊಳಗೆ ಹೆಡರ್ ಪೈಪ್ (ಒಂದೊಂದು ಸಿಲಿಂಡರಿನ ಎಕ್ಸಾಸ್ಟ್ ಪೈಪ್) ಎಂಟಕ್ಕೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡೀರಿ, ತಣ್ಣಗಿರೋ ಪೈಪೇ ನಿಮ್ಮ ಸಿಲಿಂಡರ್. ಥರ್ಮಾಮೀಟರ್ ಇಲ್ಲಾಂದ್ರೆ ಸ್ಪ್ರೇ ಬಾಟಲಲ್ಲಿ ಎರಡೆರಡು ಹನಿ ನೀರು ಹೊಡೀರಿ, ದೋಸೆ ಕಾವಲಿ ಥರ ಚುಂಯ್ ಅನ್ನದೆ ನೀರು ಹಾಗೇ ಕೂತಿದ್ರೆ ಅದೇ.

ಇಗ್ನಿಷನ್: ಬ್ಯಾಟರಿಯಿಂದ ಶುರು

ಮೊದ್ಲು ಜೋಪಾನದ ಮಾತು. ಈ ಬಾಕ್ಸ್ ಕಾಯಿಲ್‌ಗೆ ಕಳಿಸೋದು 12 ವೋಲ್ಟ್ ಅಲ್ಲ, 400 ವೋಲ್ಟ್ ದಾಟಿದ್ದು. ಇಗ್ನಿಷನ್ ಆನ್ ಇದ್ದಾಗ ಕಾಯಿಲ್ ಟರ್ಮಿನಲ್ ಮುಟ್ಟಬೇಡಿ, ಅದಕ್ಕೆ ಮೀಟರ್ರೋ ಟೆಸ್ಟ್ ಲೈಟೋ ಹಾಕಬೇಡಿ, ಟ್ಯಾಕೋಗೆ ಬಾಕ್ಸಲ್ಲೇ ಬೇರೆ ಔಟ್‌ಪುಟ್ ಇದೆ. ಸ್ಪಾರ್ಕ್ ಟೆಸ್ಟ್ ಮಾಡುವಾಗ ಹತ್ತಿರ ಎಲ್ಲೂ ಪೆಟ್ರೋಲ್ ವಾಸನೆ ಕೂಡ ಇರಬಾರದು, ಫೈರ್ ಎಕ್ಸ್‌ಟಿಂಗ್ವಿಶರ್ ಕೈಗೆಟುಕೋ ಹಾಗಿರಲಿ, ಚಕ್ರಕ್ಕೆ ಕಲ್ಲು ಕೊಡಿ.

ವಿ8 ಇಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 400 ಸ್ಪಾರ್ಕ್ ಕೇಳುತ್ತೆ. ಆಲ್ಟರ್ನೇಟರ್ ಇಲ್ಲದ ರೇಸ್ ಕಾರಲ್ಲಿ ಫ್ಯೂಯಲ್ ಪಂಪು, ಫ್ಯಾನು, ವಾಟರ್ ಪಂಪು ಎಲ್ಲ ಅದೇ ಬ್ಯಾಟರಿ ಮೇಲೆ ಬಿದ್ದಿರುತ್ತೆ. ಅದಕ್ಕೇ ಎಲ್ಲಾ ಸ್ವಿಚ್ ಆನ್ ಮಾಡಿ, ಇಂಜಿನ್ ಓಡ್ತಾ ಇರುವಾಗ, ಬ್ಯಾಟರೀಲಿ ಅಲ್ಲ, ಬಾಕ್ಸಿಗೆ ಬರೋ ದಪ್ಪ ಕೆಂಪು ಮತ್ತೆ ದಪ್ಪ ಕಪ್ಪು ವೈರಿನಲ್ಲಿ ವೋಲ್ಟೇಜ್ ನೋಡಿ. ನಮ್ಮದ್ರಲ್ಲಿ ಬ್ಯಾಟರೀಲಿ 12.5 ಇದ್ರೆ ಬಾಕ್ಸಲ್ಲಿ 10.3 ತೋರಿಸ್ತು. ಎಲ್ಲಿ ಸೋರ್ತಿದೆ ಅಂತ ಹುಡುಕೋಕೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಬಾಕ್ಸಿನ ಕಪ್ಪು ವೈರಿಗೆ ಹಿಡೀರಿ, ಅದು ಹತ್ತಿರ ಹತ್ತಿರ ಸೊನ್ನೆ ಇರಬೇಕು, 0.2 ದಾಟಿದ್ರೆ ಅರ್ತ್ ಕೆಟ್ಟಿದೆ. ಹಾಗೇ ಪ್ಲಸ್ ಕಡೆಗೂ ಮಾಡಿ. ಬ್ಯಾಟರಿ ಡಿಕ್ಕೀಲಿ ಇಟ್ಟಿರೋ ಗಾಡೀಲಿ ಬಾಕ್ಸಿನ ಎರಡು ದಪ್ಪ ವೈರೂ ನೇರ ಬ್ಯಾಟರಿಗೇ ಹೋಗಬೇಕು, ನಾವು ಕಪ್ಪು ವೈರನ್ನ ಫೈರ್‌ವಾಲಿಗೆ (ಇಂಜಿನ್ನಿಗೂ ಕ್ಯಾಬಿನ್ನಿಗೂ ಮಧ್ಯದ ತಗಡು) ಬಿಗಿದಿದ್ದೇ ತಪ್ಪಾಗಿತ್ತು. ಬ್ಯಾಟರಿಯಿಂದ ಇಂಜಿನ್ ಬ್ಲಾಕಿಗೂ ಒಂದು ದಪ್ಪ ಅರ್ತ್ ಬೇಕು.

ಆಮೇಲೆ ಬಾಕ್ಸ್ ಟೆಸ್ಟು. ಇಗ್ನಿಷನ್ ಆಫ್ ಇರುವಾಗ ಕಾಯಿಲ್ ವೈರನ್ನ ಡಿಸ್ಟ್ರಿಬ್ಯೂಟರ್ ಕ್ಯಾಪಿಂದ ತೆಗೆದು ಲೋಹದಿಂದ ಅರ್ಧ ಇಂಚು ದೂರ ಗಟ್ಟಿಯಾಗಿ ಕಟ್ಟಿಡಿ, ಮ್ಯಾಗ್ನೆಟಿಕ್ ಪಿಕಪ್ ಕನೆಕ್ಟರ್ ಬಿಚ್ಚಿ. ಈಗ ಇಗ್ನಿಷನ್ ಆನ್ ಮಾಡಿ, ಇಂಜಿನ್ ತಿರುಗಿಸಬೇಡಿ, ಬಾಕ್ಸಿನ ಬಿಳಿ ವೈರನ್ನ ಅರ್ತ್‌ಗೆ ತಾಗಿಸಿ ತಾಗಿಸಿ ತೆಗೀರಿ. ಪ್ರತಿ ಸಲ ತೆಗೆದಾಗ ಒಂದು ಸ್ಪಾರ್ಕ್ ಹಾರಬೇಕು. ಹಾರಿದ್ರೆ ಬಾಕ್ಸೂ ಕಾಯಿಲೂ ಜೀವಂತ ಇದೆ, ತೊಂದ್ರೆ ಪಿಕಪ್ ಕಡೆ. ಹಾರದಿದ್ರೆ ಬೇರೆ ಕಾಯಿಲ್ ಹಾಕಿ ಅದೇ ಟೆಸ್ಟ್ ಮತ್ತೆ ಮಾಡಿ, ಆಗ್ಲೂ ಇಲ್ಲ ಅಂದ್ರೆ ಸಣ್ಣ ಕೆಂಪು ವೈರಿಗೆ 12 ವೋಲ್ಟ್ ಬರ್ತಿದ್ಯಾ ನೋಡಿ, ಬರ್ತಿದ್ದೂ ಸ್ಪಾರ್ಕ್ ಇಲ್ಲಾಂದ್ರೆ ಬಾಕ್ಸ್ ಹೋಗಿದೆ.

ಪಿಕಪ್ಪಿನ ಎರಡು ವೈರಿಗೂ ಪ್ಲಸ್ ಮೈನಸ್ ಇದೆ. ನೇರಳೆ ಮತ್ತೆ ಹಸಿರು ಅದಲು ಬದಲಾದ್ರೂ ಗಾಡಿ ಸ್ಟಾರ್ಟ್ ಆಗುತ್ತೆ, ಓಡುತ್ತೆ, ಆದ್ರೆ ಟೈಮಿಂಗ್ (ಪಿಸ್ಟನ್ ಮೇಲೆ ತಲುಪೋಕೆ ಎಷ್ಟು ಡಿಗ್ರಿ ಮುಂಚೆ ಸ್ಪಾರ್ಕ್ ಬೀಳುತ್ತೆ ಅನ್ನೋದು) ಒಂದು ಕಡೆ ನಿಲ್ಲಲ್ಲ, ಹಾಗಾಗಿ ಇದನ್ನ ಕಂಡುಹಿಡಿಯೋದು ಕಷ್ಟ. ಆ ಎರಡು ವೈರನ್ನ ಒಂದಕ್ಕೊಂದು ಹೆಣೆದು, ಪ್ಲಗ್ ವೈರುಗಳಿಂದ ದೂರ ಎಳೀರಿ.

ಪ್ಲಗ್ ವೈರು, ಕ್ಯಾಪು, ಟೈಮಿಂಗು

ಪ್ಲಗ್ ವೈರ್ ಒಂದೊಂದನ್ನೂ ಓಮ್ ಮೀಟರಲ್ಲಿ ನೋಡಿ, ಬಗ್ಗಿಸ್ತಾ ಅಲ್ಲಾಡಿಸ್ತಾ ನೋಡಿ. ಉದ್ದಕ್ಕೆ ತಕ್ಕ ಹಾಗೆ ಎಲ್ಲಾ ಒಂದೇ ಲೆಕ್ಕದಲ್ಲಿರಬೇಕು, ಒಂದು ಮಾತ್ರ ಎದ್ದು ಕಂಡ್ರೆ ಅದನ್ನ ಬಿಸಾಕಿ. ಬರೀ ತಂತಿ ಇರೋ ಸಾಲಿಡ್ ಕೋರ್ ವೈರ್ ಈ ಬಾಕ್ಸಿಗೆ ಹಾಕಲೇಬಾರದು, ಸ್ಪೈರಲ್ ಕೋರ್ ಬೇಕು.

ಸ್ಮಾಲ್ ಬ್ಲಾಕ್ ಶೆವಿಗೇ ಅಂಟಿಕೊಂಡಿರೋ ಒಂದು ಕಾಯಿಲೆ ಹೇಳ್ತೀನಿ. ಫೈರಿಂಗ್ ಆರ್ಡರ್ (ಸಿಲಿಂಡರ್ ಉರಿಯೋ ಸರದಿ) 1-8-4-3-6-5-7-2, ಅದ್ರಲ್ಲಿ 5 ಮತ್ತೆ 7 ಒಂದಾದ ಮೇಲೆ ಒಂದು ಉರಿಯುತ್ತೆ, ಜೊತೆಗೆ ಎರಡೂ ಡ್ರೈವರ್ ಕಡೆ ಹಿಂಭಾಗದಲ್ಲಿ ಪಕ್ಕಪಕ್ಕದಲ್ಲೇ ಕೂತಿದೆ. ಎರಡರ ವೈರು ಉದ್ದಕ್ಕೂ ಅಂಟಿಕೊಂಡು ಹೋದ್ರೆ 5ರ ಕರೆಂಟು 7ರ ವೈರಲ್ಲಿ ಹುಟ್ಟಿಕೊಂಡು, 7ನೇ ಪಿಸ್ಟನ್ ಇನ್ನೂ ಮೇಲಕ್ಕೆ ಬರ್ತಿರುವಾಗ್ಲೇ ಬೆಂಕಿ ಹಚ್ಚಿಬಿಡುತ್ತೆ. ಪಿಸ್ಟನ್ ಒಡೆಯೋಕೆ ಇಷ್ಟು ಸಾಕು. ಈ ಎರಡು ವೈರನ್ನ ಬೇರೆ ಬೇರೆ ದಾರೀಲಿ ಎಳೀರಿ, ದಾಟಲೇಬೇಕಾದ್ರೆ ಅಡ್ಡಡ್ಡ ದಾಟಿಸಿ. ರಾತ್ರಿ ಲೈಟ್ ಆರಿಸಿ ಇಂಜಿನ್ ಸ್ಟಾರ್ಟ್ ಮಾಡಿ ನೋಡಿದ್ರೆ ಎಲ್ಲೆಲ್ಲಿ ಕರೆಂಟ್ ಹೊರಗೆ ಹಾರ್ತಿದೆ ಅಂತ ನೀಲಿ ಕಿಡಿ ಕಾಣುತ್ತೆ, ನಾನು ಈಗಲೂ ಸೀಸನ್ ಶುರುವಾಗೋ ಮುಂಚೆ ಒಂದು ರಾತ್ರಿ ಹೀಗೆ ನೋಡ್ತೀನಿ.

ಕ್ಯಾಪ್ ಒಳಗೆ ಪೆನ್ಸಿಲ್ ಗೀಚಿದ ಹಾಗೆ ಕಪ್ಪು ಗೆರೆ ಇದ್ರೆ ಕ್ಯಾಪ್ ಬದಲಾಯಿಸಿ, ಒರೆಸಿ ಹಾಕಬೇಡಿ. ಟರ್ಮಿನಲ್ಲಿನ ಒಂದೇ ಅಂಚು ಸುಟ್ಟಿದ್ರೆ ರೋಟರ್ (ಕ್ಯಾಪ್ ಒಳಗೆ ತಿರುಗೋ ತೋಳು) ಸರಿಯಾದ ಕಡೆ ನಿಂತಿಲ್ಲ ಅಂತ ಅರ್ಥ. ಅದನ್ನ ನೋಡೋಕೆ ಹಳೇ ಕ್ಯಾಪಿಗೆ 1ನೇ ಟರ್ಮಿನಲ್ ಪಕ್ಕ ಒಂದು ತೂತು ಕೊರೆದು, ಆ ಕ್ಯಾಪ್ ಹಾಕಿ ಇಂಜಿನ್ ಓಡಿಸಿ ಟೈಮಿಂಗ್ ಲೈಟನ್ನ ತೂತಿನೊಳಗೆ ಬಿಡಿ, ಲೈಟ್ ಹೊಡೆದ ಕ್ಷಣ ರೋಟರ್ ತುದಿ ಟರ್ಮಿನಲ್ ಎದುರಿಗೇ ಇರಬೇಕು.

ಟೈಮಿಂಗ್ ನೋಡೋ ಮುಂಚೆ ಬ್ಯಾಲೆನ್ಸರ್ (ಕ್ರ್ಯಾಂಕ್ ಮುಂದಿನ ಚಕ್ರ) ಮೇಲಿನ ಗೆರೇನ ನಂಬಬಹುದಾ ಅಂತ ನೋಡಿ, ಹಳೇ ಬ್ಯಾಲೆನ್ಸರಿನ ಹೊರಗಿನ ಬಳೆ ರಬ್ಬರ್ ಮೇಲೆ ಜಾರಿಬಿಟ್ಟಿರುತ್ತೆ. ಎಲ್ಲಾ ಪ್ಲಗ್ ತೆಗೆದು 1ನೇ ಸಿಲಿಂಡರಿಗೆ ಪಿಸ್ಟನ್ ಸ್ಟಾಪ್ (ಪ್ಲಗ್ ತೂತಿಗೆ ಹಾಕಿ ಪಿಸ್ಟನ್ ತಡೆಯೋ ಬೋಲ್ಟು) ಹಾಕಿ, ಸ್ಟಾರ್ಟರಿಂದ ಅಲ್ಲ ಕೈಯಲ್ಲಿ ಎರಡೂ ಕಡೆ ನಿಧಾನವಾಗಿ ತಿರುಗಿಸಿ ತಾಗಿದ ಕಡೆ ಗುರುತು ಮಾಡಿ, ಎರಡು ಗುರುತಿನ ಮಧ್ಯ ನಿಜವಾದ ಟಾಪ್ (ಪಿಸ್ಟನ್ ತೀರಾ ಮೇಲಿರೋ ಜಾಗ). ಸಾಮಾನ್ಯ ಕಬ್ಬಿಣದ ಹೆಡ್ ಇರೋ 350ಕ್ಕೆ ಒಟ್ಟು 34ರಿಂದ 38 ಡಿಗ್ರಿ ಟೈಮಿಂಗ್ ಸಾಕು, ನಮ್ಮದು 36. ಅಡ್ವಾನ್ಸ್ ಪೂರ್ತಿ ಬಂದಿರೋ 3500 ಆರ್‌ಪಿಎಂ ಹತ್ತಿರ ಲೈಟ್ ಹಿಡೀರಿ, ಐಡ್ಲಿಂಗಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಗೆರೆ ಒಂದೇ ಕಡೆ ನಿಲ್ಲದೆ ನಾಲ್ಕೈದು ಡಿಗ್ರಿ ಕುಣಿದ್ರೆ ಡಿಸ್ಟ್ರಿಬ್ಯೂಟರ್ ಗೇರ್ ಸವೆದಿದ್ಯಾ ಅಂತ ಬಿಚ್ಚಿ ನೋಡಿ, ಕಂಚಿನ ಗೇರ್ ಹಾಕಿದ್ರೆ ಅದು ಬೇಗ ಸವೆಯುತ್ತೆ.

ಪ್ಲಗ್ ಗ್ಯಾಪ್ ನಾವು 0.035 ಇಂಚು ಇಟ್ಕೊಂಡಿದೀವಿ.

ಪೆಟ್ರೋಲ್ ಬರ್ತಿದ್ಯಾ

ಇಷ್ಟೆಲ್ಲಾ ಪಾಸ್ ಆದ್ರೆ ಪೆಟ್ರೋಲ್ ಕಡೆ ಬನ್ನಿ. ಕಾರ್ಬೊರೇಟರಿಗಿಂತ ಮುಂಚೆ ಅದಕ್ಕೆ ಬರೋ ಲೈನು. ಹೋಲಿಗೆ ಐಡ್ಲಿಂಗಲ್ಲಿ 6-7 ಪಿಎಸ್ಐ ಸಾಕು, 8 ದಾಟಿದ್ರೆ ನೀಡಲ್ ವಾಲ್ವನ್ನ ತಳ್ಳಿಕೊಂಡು ಓವರ್‌ಫ್ಲೋ ಆಗುತ್ತೆ. ಆದ್ರೆ ನಿಂತಾಗ 7 ತೋರಿಸಿದ್ದು ಓಟದಲ್ಲೂ ಇರುತ್ತೆ ಅಂತಿಲ್ಲ. ಟ್ಯಾಂಕ್ ಹಿಂದೆ ಇರೋ ಗಾಡಿ 1 ಜಿ ವೇಗೋತ್ಕರ್ಷದಲ್ಲಿ ಎದ್ದಾಗ ಲೈನಲ್ಲಿರೋ ಪೆಟ್ರೋಲು ಹಿಂದಕ್ಕೆ ಎಳೆಯುತ್ತೆ, ಒಂದು ಅಡಿ ಲೈನಿಗೆ ಸುಮಾರು 0.32 ಪಿಎಸ್ಐ ಲೆಕ್ಕ ಹಾಕಿದ್ರೆ 10 ಅಡಿಗೆ 3 ಪಿಎಸ್ಐ ಅಲ್ಲೇ ಹೋಯ್ತು. ಹಾಗಾಗಿ ಗೇಜನ್ನ ಓಡಿಸೋವಾಗ ಕಾಣೋ ಹಾಗೆ ಹಾಕಿ, ಅಥವಾ ಸಣ್ಣ ಕ್ಯಾಮೆರಾ ಅದರ ಮುಂದೆ ಕಟ್ಟಿ. ಪೆಟ್ರೋಲ್ ತುಂಬಿದ ಗೇಜ್ ಲೈನನ್ನ ಮಾತ್ರ ಕಾರಿನ ಒಳಗೆ ತರಬೇಡಿ.

ಪ್ರೆಷರ್ ಅಷ್ಟೇ ಅಲ್ಲ, ಎಷ್ಟು ಪೆಟ್ರೋಲ್ ಬರುತ್ತೆ ಅನ್ನೋದೂ ಮುಖ್ಯ. ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಅರ್ಧ ಪೌಂಡ್ ಪೆಟ್ರೋಲ್ ಅಂತ ಲೆಕ್ಕ, 430 ಹಾರ್ಸ್‌ಪವರ್ ಇಂಜಿನ್ನಿಗೆ ನಿಮಿಷಕ್ಕೆ 2.2 ಲೀಟರ್ ಆಗುತ್ತೆ. ಇಂಜಿನ್ ತಣ್ಣಗಿರುವಾಗ, ಬಯಲಲ್ಲಿ, ರೆಗ್ಯುಲೇಟರ್ ದಾಟಿದ ಲೈನನ್ನ ಕ್ಯಾನಿಗೆ ಬಿಟ್ಟು ಎಲೆಕ್ಟ್ರಿಕ್ ಪಂಪ್ ಅರ್ಧ ನಿಮಿಷ ಓಡಿಸಿ ಅಳೆಯಿರಿ, ಬೇಕಾಗಿರೋದಕ್ಕಿಂತ ಧಾರಾಳವಾಗಿ ಜಾಸ್ತಿ ಬರಬೇಕು. ಬರಲಿಲ್ಲ ಅಂದ್ರೆ ಫಿಲ್ಟರ್ ಕಟ್ಟಿದೆ, ಟ್ಯಾಂಕ್ ಮುಚ್ಚಳಕ್ಕೆ ಗಾಳಿ ಹೋಗೋ ದಾರಿ ಇಲ್ಲ, ಅಥವಾ ಪಂಪಿಗೆ ವೋಲ್ಟೇಜ್ ಕಮ್ಮಿ.

ಈಗ ಕಾರ್ಬೊರೇಟರ್

ಫ್ಲೋಟ್ ಲೆವೆಲ್ ಮೊದ್ಲು. ಬೌಲಿನ ಪಕ್ಕದ ಸೈಟ್ ಪ್ಲಗ್ ತೆಗೆದ್ರೆ ಪೆಟ್ರೋಲು ತೂತಿನ ಕೆಳ ಅಂಚಿಗೆ ಬಂದು ಗಾಡಿ ಸ್ವಲ್ಪ ಅಲ್ಲಾಡಿಸಿದ್ರೆ ಮಾತ್ರ ಜಿನುಗಬೇಕು. ಬಿಸಿ ಇಂಜಿನ್ ಮೇಲೆ ಇದನ್ನ ಮಾಡಬೇಡಿ, ಬಟ್ಟೆ ಹಿಡ್ಕೊಳ್ಳಿ.

ಐಡ್ಲಿಂಗಲ್ಲಿ ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿದ್ರೆ ಇಂಜಿನ್ ಸಾಯಬೇಕು. ಸಾಯದೆ ಓಡ್ತಾನೇ ಇದ್ರೆ ಪೆಟ್ರೋಲು ಬೇರೆ ದಾರೀಲಿ ಬರ್ತಿದೆ. ಒಂದು ದಾರಿ, ಥ್ರಾಟಲ್ ಪ್ಲೇಟ್ ಜಾಸ್ತಿ ತೆರೆದು ಟ್ರಾನ್ಸ್‌ಫರ್ ಸ್ಲಾಟ್ (ಥ್ರಾಟಲ್ ಸ್ವಲ್ಪ ತೆರೆದಾಗ ಪೆಟ್ರೋಲ್ ಬಿಡೋ ಸೀಳು) ಹೊರಗೆ ಬಂದಿರೋದು, ಕಾರ್ಬೊರೇಟರ್ ಎತ್ತಿ ತಿರುಗಿಸಿ ನೋಡಿ, ಸ್ಲಾಟು ಪುಟ್ಟ ಚೌಕದಷ್ಟು ಮಾತ್ರ ಕಾಣಬೇಕು. ಇನ್ನೊಂದು ದಾರಿ, ಪವರ್ ವಾಲ್ವಿನ (ಲೋಡ್ ಬಿದ್ದಾಗ ಹೆಚ್ಚಿಗೆ ಪೆಟ್ರೋಲ್ ಬಿಡೋ ವಾಲ್ವು) ಡಯಾಫ್ರಮ್ ಹರಿದಿರೋದು, ಕಾರ್ಬೊರೇಟರ್ ಒಳಗೆ ಬ್ಯಾಕ್‌ಫೈರ್ ಹೊಡೆದ ಹಳೇ ಹೋಲಿಗಳಲ್ಲಿ ಇದು ಜಾಸ್ತಿ. ಪವರ್ ವಾಲ್ವ್ ನಂಬರ್ 65 ಅಂದ್ರೆ ವ್ಯಾಕ್ಯೂಮ್ 6.5 ಇಂಚಿಗಿಂತ ಕೆಳಗೆ ಬಿದ್ದಾಗ ತೆರೆಯುತ್ತೆ ಅಂತ, ಆಟೋಮ್ಯಾಟಿಕ್ ಗಾಡಿ ಗೇರಲ್ಲಿ ಐಡ್ಲಿಂಗ್ ಇದ್ದಾಗಿನ ವ್ಯಾಕ್ಯೂಮಿನ ಅರ್ಧಕ್ಕೆ ಹತ್ತಿರದ ನಂಬರ್ ಹಾಕಿದ್ರೆ ಸರಿ ಹೋಗುತ್ತೆ.

ಲಾಂಚಲ್ಲಿ ಎಳೆತ ಇಲ್ಲದೆ ಮುಗ್ಗರಿಸಿದ್ರೆ ಆಕ್ಸಿಲರೇಟರ್ ಪಂಪ್ ನೋಡಿ. ಇಂಜಿನ್ ಆಫ್ ಮಾಡಿ ಮೇಲಿಂದ ನೋಡ್ತಾ ಥ್ರಾಟಲ್ ಕೂದಲೆಳೆಯಷ್ಟು ಅಲ್ಲಾಡಿಸಿದ್ರೂ ಪೆಟ್ರೋಲ್ ಚಿಮ್ಮಬೇಕು, ಥ್ರಾಟಲ್ ಪೂರ್ತಿ ತೆರೆದಾಗ ಪಂಪ್ ಲಿವರಿಗೆ 0.015 ಇಂಚು ಗ್ಯಾಪ್ ಉಳಿದಿರಬೇಕು. ಎಕ್ಸಾಸ್ಟಲ್ಲಿ ಕಪ್ಪು ಹೊಗೆ ಉಗುಳಿ ಮುಗ್ಗರಿಸಿದ್ರೆ ಶಾಟ್ ಜಾಸ್ತಿ, ಹೊಗೆ ಇಲ್ಲದೆ ಕಾರ್ಬೊರೇಟರ್ ಒಳಗೆ ಪಟಾಕಿ ಹೊಡೆದು ಮುಗ್ಗರಿಸಿದ್ರೆ ಶಾಟ್ ಕಮ್ಮಿ. 31 ನಂಬರಿನ ಸ್ಕ್ವರ್ಟರ್ (ಈ ಪೆಟ್ರೋಲ್ ಚಿಮ್ಮೋ ನಳಿಕೆ) ಅಂದ್ರೆ ತೂತು 0.031 ಇಂಚು, ಎರಡು ಮೂರು ನಂಬರ್ ಮಾತ್ರ ಒಂದು ಸಲಕ್ಕೆ ಬದಲಾಯಿಸಿ.

ಪಂಪ್ ಸರಿ ಇದ್ದೂ ಎದ್ದ ಮೇಲೆ ಅರ್ಧ ಸೆಕೆಂಡಿಗೆ ಸೊರಗಿದ್ರೆ ಹಿಂದಿನ ಬೌಲ್ ಬಗ್ಗೆ ಯೋಚಿಸಿ. ಗಾಡಿ ಮುಂದಕ್ಕೆ ಚಿಮ್ಮಿದಾಗ ಪೆಟ್ರೋಲು ಹಿಂದಕ್ಕೆ ಹೋಗುತ್ತೆ. ಮುಂದಿನ ಬೌಲಲ್ಲಿ ಜೆಟ್ ಹಿಂಭಾಗದಲ್ಲಿದೆ, ಅದು ಮುಳುಗೇ ಇರುತ್ತೆ. ಹಿಂದಿನ ಬೌಲಲ್ಲಿ ಜೆಟ್ ಇರೋದು ಮುಂಭಾಗದಲ್ಲಿ, ಪೆಟ್ರೋಲ್ ಅದನ್ನ ಬಿಟ್ಟು ದೂರ ಸರಿಯುತ್ತೆ, ಜೆಟ್ ಗಾಳಿ ಕುಡಿಯುತ್ತೆ. ಇದಕ್ಕೇ ಸೆಕೆಂಡರಿ (ಹಿಂದಿನ) ಜೆಟ್ಟಿಗೆ ಉದ್ದನೆ ಕೊಳವೆ ಥರ ಎಕ್ಸ್‌ಟೆನ್ಷನ್ ಬರುತ್ತೆ, ಅದಕ್ಕೆ ದಾರಿ ಬಿಡೋಕೆ ಕಚ್ಚು ಇರೋ ಫ್ಲೋಟೂ ಬರುತ್ತೆ, ಎರಡನ್ನೂ ಜೊತೆಗೇ ಹಾಕಿ.

ಕೊನೆಗೆ ಜೆಟ್ಟು

ಜೆಟ್ ಬದಲಾಯಿಸೋ ದಿನ ಬೇರೇನೂ ಬದಲಾಯಿಸಬೇಡಿ. ಗಾಳಿ ತೆಳುವಾದಷ್ಟೂ ಜೆಟ್ ಸಣ್ಣದು ಬೇಕು, 2000 ಅಡಿ ಎತ್ತರಕ್ಕೆ ಒಂದು ನಂಬರ್ ಇಳಿಸೋದು ಅಂತ ಒಂದು ಅಂದಾಜು. ಕೊಲೊರಾಡೋದ ಬ್ಯಾಂಡಿಮೇರ್ ಟ್ರ್ಯಾಕ್ 2023ರಲ್ಲಿ ಮುಚ್ಚೋವರೆಗೂ 5,800 ಅಡಿ ಎತ್ತರದಲ್ಲಿ ರೇಸ್ ನಡೆಸ್ತಿತ್ತು, ಸಮುದ್ರಮಟ್ಟದ ಸೆಟಿಂಗ್ ಇಟ್ಕೊಂಡು ಅಲ್ಲಿಗೆ ಹೋದ್ರೆ ಗಾಡಿ ಕಪ್ಪು ಹೊಗೆ ಬಿಡೋದು. ನಮ್ಮ ಬೆಂಗಳೂರೂ 3000 ಅಡಿ ಎತ್ತರ, ಚೆನ್ನೈನಲ್ಲಿ ಟ್ಯೂನ್ ಮಾಡಿದ ಕಾರ್ಬೊರೇಟರ್ ಗಾಡಿ ಅಲ್ಲಿ ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ) ಓಡೋದು ಇದಕ್ಕೇ. ಒಂದೇ ಟ್ರ್ಯಾಕಲ್ಲೂ ಮಧ್ಯಾಹ್ನದ ಬಿಸಿಲಿಗೂ ರಾತ್ರಿ ತಂಪಿಗೂ ವ್ಯತ್ಯಾಸ ಬರುತ್ತೆ, ಹಾಗಾಗಿ ಸ್ಲಿಪ್ ಮೇಲೆ ಟೆಂಪರೇಚರ್ ಮತ್ತೆ ಟೈಮ್ ಬರೆದಿಡಿ.

ಪ್ಲಗ್ ಓದಬೇಕಾದ್ರೆ ಹೊಸ ಪ್ಲಗ್ ಹಾಕಿ ಒಂದು ಪೂರ್ತಿ ಓಟ ಓಡಿಸಿ, ಗೆರೆ ದಾಟಿದ ಮೇಲೆ ನ್ಯೂಟ್ರಲ್ ಮಾಡಿ ಇಗ್ನಿಷನ್ ಆಫ್ ಮಾಡಿ ಹಾಗೇ ಉರುಳಿಸಿಕೊಂಡು ಬನ್ನಿ, ಸ್ಟೀರಿಂಗ್ ಲಾಕ್ ಆಗೋ ಕೀ ಇರೋ ಗಾಡೀಲಿ, ಪವರ್ ಬ್ರೇಕ್ ಇರೋ ಗಾಡೀಲಿ ಇದನ್ನ ಮಾಡ್ಲೇಬೇಡಿ. ಐಡ್ಲಿಂಗಲ್ಲಿ ಪಿಟ್‌ವರೆಗೆ ಓಡಿಸಿಕೊಂಡು ಬಂದ ಪ್ಲಗ್ ಐಡ್ಲಿಂಗಿನ ಕಥೆ ಮಾತ್ರ ಹೇಳುತ್ತೆ. ಬಾಗಿದ ಕಡ್ಡಿ ಮೇಲೆ ಬಣ್ಣ ಬದಲಾಗೋ ಗೆರೆ ಟೈಮಿಂಗ್ ಹೇಳುತ್ತೆ, ತುದಿ ಕಡೆ ಇದ್ರೆ ಟೈಮಿಂಗ್ ಕಮ್ಮಿ, ಬೆಸುಗೆ ಕಡೆ ಇಳಿದಿದ್ರೆ ಜಾಸ್ತಿ, ಬಾಗಿದ ಜಾಗದಲ್ಲಿದ್ರೆ ಸರಿ. ಮಿಕ್ಸ್ಚರ್ ನೋಡೋಕೆ ಬಿಳಿ ಪಿಂಗಾಣಿಯ ತಳಕ್ಕೆ ಟಾರ್ಚ್ ಬಿಡಿ, ಅಲ್ಲಿ ತೆಳು ಕಂದು ಉಂಗುರ ಇರಬೇಕು. ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಥರ ಚುಕ್ಕಿ ಅಥವಾ ಹೊಳೆಯೋ ಅಲ್ಯೂಮಿನಿಯಂ ಕಣ ಕಂಡ್ರೆ ಡೆಟೊನೇಷನ್ (ಮಿಕ್ಸ್ಚರ್ ತಾನಾಗೇ ಸಿಡಿಯೋದು) ಆಗ್ತಿದೆ, ಇನ್ನೊಂದು ಓಟ ಓಡಿಸಬೇಡಿ, ಎರಡು ಡಿಗ್ರಿ ಟೈಮಿಂಗ್ ಇಳಿಸಿ, ಜೆಟ್ ಏರಿಸಿ, ಪೆಟ್ರೋಲ್ ಹಳೇದಾಗಿದ್ಯಾ ನೋಡಿ.

ಯಾವಾಗ್ಲೂ ರಿಚ್ ಕಡೆಯಿಂದ ಶುರು ಮಾಡಿ ಕೆಳಗೆ ಬನ್ನಿ. ನಾವು ಅರ್ತ್ ವೈರ್ ಸರಿ ಮಾಡಿದ್ಮೇಲೆ 78ರಿಂದ ಕಾರ್ಬೊರೇಟರಿನ ನಾಲ್ಕೂ ಮೂಲೇಲಿ ಎರಡೆರಡು ನಂಬರ್ ಇಳಿಸ್ತಾ ಬಂದ್ವಿ, ಪ್ರತಿ ಸೆಟಿಂಗಿಗೂ ಎರಡು ಓಟ, ನೋಡಿದ್ದು ಟೈಮ್ ಅಲ್ಲ, ಕೊನೆಯ ಸ್ಪೀಡು, ಯಾಕಂದ್ರೆ ಟೈಮು ಟೈರಿನ ಹಿಡಿತದ ಮೇಲೂ ನಿಂತಿದೆ, ಸ್ಪೀಡು ಇಂಜಿನ್ ಶಕ್ತಿ ಹೇಳುತ್ತೆ. 76ಕ್ಕೆ ಸ್ಪೀಡ್ ಏರಿತು, 74ಕ್ಕೆ ಇನ್ನೊಂಚೂರು ಏರಿತು, 72ಕ್ಕೆ ಅಲ್ಲೇ ನಿಂತಿತು, 70ಕ್ಕೆ ಬಿತ್ತು. ಈಗ ಅದ್ರಲ್ಲಿರೋದು 72, ಮೊದಲ ದಿನ ಬಿಚ್ಚಿ ಡಬ್ಬಿಗೆ ಹಾಕಿದ್ದ ಅದೇ ಜೆಟ್ಟುಗಳು.